ಮಳೆಗಾಲದಲ್ಲಿ ಇಲ್ಲದ ಕಟ್ಟ

ಈ ವರ್ಷ ಬಿಕರ್ನಕಟ್ಟೆಯ ಅಕ್ಕತಂಗಿಯರಿಬ್ಬರು ಅರಣ್ಯ ರಕ್ಷಕರ ಹುದ್ದೆಗೆ ಆಯ್ಕೆಯಾದರು. ಆದೇಶ ಕೈಗೆ ಬಂದ ವಾರವೇ, ಅದೇ ಇಲಾಖೆಯಿಂದ ನಿವೃತ್ತನಾದ ನನ್ನನ್ನು ಹುಡುಕಿಕೊಂಡು ಕುದ್ರೋಳಿಗೆ ಬಂದು, ‘ಸಾರ್, ನೀವು ಎಷ್ಟು ಸಲ ಹುಲಿ ನೋಡಿದ್ದೀರಿ?’ ಎಂದು ಕೇಳಿದರು. ಮೂರು ಸಲ, ಅದರಲ್ಲಿ ಒಂದು ಸಲ ಬಾಲ ಮಾತ್ರ, ಎಂದೆ. ಅವರಿಗೆ ಸ್ವಲ್ಪ ನಿರಾಸೆಯಾಯಿತು. ಹೊರಡುವಾಗ ಚಿಕ್ಕವಳು, ‘ಹಾಗಾದ್ರೆ ಕೆಲಸದಲ್ಲಿ ನೀವು ತುಂಬಾ ಹೆದರಿದ್ದು ಯಾವುದಕ್ಕೆ?’ ಎಂದು ಕೇಳಿದಳು. ‘ಒಂದು ನಮೂನೆಯ ಏಳನೇ ಕಾಲಮ್ಮಿಗೆ’ ಎಂದೆ. ತಮಾಷೆ ಎಂದುಕೊಂಡು ಇಬ್ಬರೂ ನಕ್ಕರು. ತಮಾಷೆಯಲ್ಲ. ಅಂದು ಬಾಗಿಲಲ್ಲಿ ನಿಂತು ಹೇಳಲಾಗದ್ದನ್ನು ಈಗ ಕೂತು ಬರೆಯುತ್ತಿದ್ದೇನೆ.

ನಮ್ಮದು ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ, ಮನೆತನ. ಅಜ್ಜ, ಬಾಪ ಎಲ್ಲರೂ ಬಂದರಿನ ಬದಿಯಲ್ಲಿ ಒಣಮೆಣಸು, ಬೆಲ್ಲ ವ್ಯಾಪಾರ ಮಾಡಿದವರು. ಅಣ್ಣ ದುಬೈಗೆ ಹೋದ, ನಾನು ಕಾಡಿಗೆ ಹೋದೆ. ದುಬೈಯವನಾದರೂ ವರ್ಷಕ್ಕೊಮ್ಮೆ ಬರುತ್ತಾನೆ, ಇವನನ್ನು ನೋಡಬೇಕಾದರೆ ಹುಲಿಯಾಗಿ ಹುಟ್ಟಬೇಕು ಎಂದು ಉಮ್ಮ ದೂರುತ್ತಿದ್ದರು. ಸ್ವಭಾವದಲ್ಲಿ ನಾನು ಪುಕ್ಕಲ. ಮನೆಯಿಂದ ಹೊರಟರೆ ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ಹಿಂದೆ ಬಂದು ನೋಡುವ ಜಾತಿ. ಆದರೆ ಕಾಡಿನಲ್ಲಿ ನನಗೆ ಅಷ್ಟು ಹೆದರಿಕೆ ಆಗಲಿಲ್ಲ. ಆನೆ ಬಂದರೆ ಓಡಬಹುದು. ಕಚೇರಿಯ ಕಪಾಟಿನಲ್ಲಿ ಕೂತಿರುವ ಕಾಗದದಿಂದ ಓಡಲು ಜಾಗವಿಲ್ಲ.

ರಾಷ್ಟ್ರೀಯ ಉದ್ಯಾನಕ್ಕೆ ವರ್ಗವಾಗಿ ಬಂದ ಎರಡನೇ ವರ್ಷದ ಕತ್ತಿಗಳ ಪ್ರಸಂಗವನ್ನು ಮೊದಲು ಹೇಳಿಬಿಡುತ್ತೇನೆ. ಆಗಿನ ನಮ್ಮ ರೇಂಜರ್ ಸಾಹೇಬರು ಬಯಲುಸೀಮೆಯವರು. ಮಹಾ ಪ್ರಾಮಾಣಿಕರು, ಕಾಡೆಂದರೆ ಪ್ರಾಣ ಬಿಡುವವರು, ಸಿಟ್ಟು ಮೂಗಿನ ತುದಿಯಲ್ಲಿ. ಉದ್ಯಾನದ ಒಳಗೆ ಸೊಪ್ಪು ಕಡಿಯುವವರ ಕತ್ತಿ ಕಸಿದುಕೊಂಡು ಬನ್ನಿ ಎಂದು ಅಪ್ಪಣೆಯಾಯಿತು. ನಾನು ಒಂದೇ ಬೆಳಿಗ್ಗೆ ಹನ್ನೊಂದು ಹೆಂಗಸರಿಂದ ಹನ್ನೊಂದು ಕತ್ತಿ ಕಸಿದು ಜೀಪಿಗೆ ತುಂಬಿ ತಂದು ಶಾಭಾಸ್ ಎನ್ನಿಸಿಕೊಂಡೆ. ಮರುದಿನ ನೋಡಿದರೆ ಹನ್ನೊಂದು ಹೆಂಗಸರೂ ಕಚೇರಿಯ ಜಗಲಿಯಲ್ಲಿ ಕೂತಿದ್ದಾರೆ. ಗಲಾಟೆಯಿಲ್ಲ, ಬೈಗುಳವಿಲ್ಲ. ‘ದನಕ್ಕೆ ಹುಲ್ಲು ಕೊಯ್ಲಿಕ್ಕೆ ಕತ್ತಿ ಇಲ್ಲ ಸಾರ್. ಮನೆಯಲ್ಲಿ ಎಂತ ಮಾಡುವುದು? ಇಲ್ಲಿ ಕೂತ್ಕೊಳ್ತೇವೆ’ ಎಂದರು. ಮಧ್ಯಾಹ್ನದವರೆಗೂ ಕೂತರು. ಸಾಹೇಬರು ಕೊನೆಗೆ ನನ್ನ ಮುಖ ನೋಡಿದರು, ನಾನು ಕತ್ತಿಗಳನ್ನು ನೆಲದ ಮೇಲೆ ಸುರಿದೆ. ನನ್ನ ಕಣ್ಣಿಗೆ ಎಲ್ಲವೂ ಒಂದೇ ತರ. ಅವರು ಹಿಡಿ ಮುಟ್ಟಿದ ಕೂಡಲೇ ತಮ್ಮದನ್ನು ಗುರುತಿಸಿ ಒಬ್ಬೊಬ್ಬರೇ ಎತ್ತಿಕೊಂಡು ಹೋದರು. ನನ್ನ ಕಣ್ಣನ್ನು ಅಷ್ಟು ನಂಬಬಾರದು ಎಂದು ಅಂದೇ ಕಲಿಯಬೇಕಿತ್ತು. ಕಲಿಯಲಿಲ್ಲ.

ಈಗ ಏಳನೇ ಕಾಲಮ್ಮಿಗೆ ಬರುತ್ತೇನೆ. ನಾನು ಹೆಚ್ಚು ಕಾಲ ದುಡಿದ ಆ ಉದ್ಯಾನ ಮಂಗಳೂರಿನಿಂದ ಬಸ್ಸಿನಲ್ಲಿ ಮೂರು ಗಂಟೆ ದೂರ, ಘಟ್ಟದ ಬುಡದಲ್ಲಿದೆ. ಅದರ ಅಂಚಿನಲ್ಲಿ ಕುಂಟಲಪಲ್ಕೆ ಎಂಬ ಒಂಬತ್ತು ಮನೆಗಳ ಊರು. ಗದ್ದೆ, ಮನೆ ಗಡಿಯ ಹೊರಗೆ. ಅವರಿಗೆ ನೀರು ಕೊಡುವ ತೋಡು, ಅಂದರೆ ಹಳ್ಳ, ಗಡಿಯ ಒಳಗೆ. ಇಪ್ಪತ್ತು ವರ್ಷಗಳ ಹಿಂದೆ ಅಂತಿಮ ಗಡಿ ಗೊತ್ತುಮಾಡುವಾಗ, ಜನ ಉದ್ಯಾನದ ಒಳಗೆ ಏನೇನು ಬಳಸುತ್ತಿದ್ದಾರೆ ಎಂದು ಊರೂರಿನ ಪಟ್ಟಿ ಮಾಡಬೇಕಾಯಿತು. ಕಾಲುದಾರಿ, ದೈವದ ಕಲ್ಲು, ದನ ಮೇಯುವ ಜಾಗ, ಹೀಗೆ. ಪಟ್ಟಿಯಲ್ಲಿ ಬಂದದ್ದು ಉಳಿಯುತ್ತದೆ. ಬಾರದ್ದನ್ನು ಆಮೇಲೆ ಮಾಡಿದರೆ ಅಪರಾಧ. ಏಳನೇ ಕಾಲಂ ನೀರಿನದು: ಬಾವಿ, ಕೆರೆ, ತೋಡಿನ ನೀರು ತಡೆಯುವ ಕಟ್ಟ ಇತ್ಯಾದಿ, ಉಂಟೋ ಇಲ್ಲವೋ. ಕುಂಟಲಪಲ್ಕೆಯ ಪಟ್ಟಿ ನನ್ನ ಪಾಲಿಗೆ ಬಂತು.

ತುರ್ತು ಆದೇಶ ಬಂದದ್ದು ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ. ಜಡಿಮಳೆ. ಆ ಊರಿನ ಹಿರಿಯ ಕುಂಞಣ್ಣ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟು ನನ್ನನ್ನು ಎಲ್ಲ ಕಡೆ ನಡೆಸಿದರು. ಆಗ ಅವರಿಗೆ ಐವತ್ತರ ಮೇಲೆ. ನನ್ನ ಕಾಲಿಗೆ ಜಿಗಣೆ ಹತ್ತಿ ಸಾಕಾಗಿತ್ತು. ಕೊನೆಗೆ ತೋಡಿನ ದಡದಲ್ಲಿ ನಿಲ್ಲಿಸಿ ಕೈ ತೋರಿಸಿದರು. ನಮ್ಮ ಮಾತು ತುಳುವಿನಲ್ಲಿ ನಡೆಯಿತು, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

‘ಇಲ್ಲಿ ನಮ್ಮ ಕಟ್ಟ ಉಂಟು, ಬರ್ಕೊಳ್ಳಿ.’

ನನಗೆ ಕೆಂಪು ನೀರು ಬಿಟ್ಟು ಬೇರೇನೂ ಕಾಣಲಿಲ್ಲ. ‘ಎಲ್ಲಿ ಉಂಟು?’

‘ಇಲ್ಲಿಯೇ. ಈಗ ಇಲ್ಲ.’

‘ಉಂಟೋ ಇಲ್ಲವೋ, ಒಂದು ಹೇಳಿ ಕುಂಞಣ್ಣ.’

‘ಈಗ ಇಲ್ಲ ಮಾರಾಯ್ರೆ. ಆದ್ರೆ ಉಂಟು. ಸುಗ್ಗಿ ಬೆಳೆ ಕೊಯ್ಯುವ ಹೊತ್ತಿಗೆ ಕಟ್ತೇವೆ. ಮಳೆಗಾಲದ ಬೊಳ್ಳಕ್ಕೆ ಕೊಚ್ಚಿಕೊಂಡು ಹೋಗ್ತದೆ. ಪುನಃ ಕಟ್ತೇವೆ. ನನ್ನ ಅಜ್ಜನ ಅಜ್ಜನ ಕಾಲದಿಂದ ಉಂಟು.’

ನಾನು ನಕ್ಕುಬಿಟ್ಟೆ. ಬಾಯಿ ತುಂಬ ನಕ್ಕೆ. ‘ಕಣ್ಣಿಗೆ ಕಾಣದ್ದನ್ನು ಬರೀಲಿಕ್ಕೆ ಆಗ್ತದಾ? ನಾಳೆ ನೀವು ಇಲ್ಲಿ ಅರಮನೆ ಉಂಟು, ಈಗ ಇಲ್ಲ ಅಂತೀರಿ’ ಎಂದೆ. ಕುಂಞಣ್ಣನೂ ಸ್ವಲ್ಪ ನಕ್ಕರು, ಅತಿಥಿ ನಗುವಾಗ ಮನೆಯವರು ನಗುವಷ್ಟು. ಏಳನೇ ಕಾಲಮ್ಮಿನಲ್ಲಿ ‘ಇಲ್ಲ’ ಎಂದು ಬರೆದೆ. ಕೆಳಗೆ ‘ಸ್ಥಳದಲ್ಲಿ ಖುದ್ದು ನೋಡಿ ದೃಢೀಕರಿಸಿದೆ’ ಎಂದು ಸಹಿ ಹಾಕಿದೆ.

ಕುದ್ರೋಳಿಯಲ್ಲಿ ನೀರು ನಲ್ಲಿಯಲ್ಲಿ ಬರುತ್ತದೆ. ಮಂಗಳೂರಿನ ವ್ಯಾಪಾರಿಯ ಮಗನಿಗೆ ಕಟ್ಟವೆಂದರೆ ಸಿಮೆಂಟಿನ ಗೋಡೆ, ಕಬ್ಬಿಣದ ಬಾಗಿಲು. ಪ್ರತಿ ವರ್ಷ ಹುಟ್ಟಿ ಪ್ರತಿ ವರ್ಷ ಹೋಗುವ ಕಟ್ಟ ನನ್ನ ತಲೆಯಲ್ಲಿರಲಿಲ್ಲ. ನಮೂನೆಯಲ್ಲಿಯೂ ಇರಲಿಲ್ಲ. ಆ ನಂತರ ಎಷ್ಟೋ ತಿಂಗಳು ‘ಈಗ ಇಲ್ಲ, ಆದ್ರೆ ಉಂಟು’ ಎಂಬುದನ್ನು ಕಚೇರಿಯಲ್ಲಿ ಅಭಿನಯ ಸಹಿತ ಹೇಳಿ ಎಲ್ಲರನ್ನೂ ನಗಿಸಿದೆ. ಅದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ಜನವರಿಯಲ್ಲಿ ಗಸ್ತಿಗೆ ಹೋದಾಗ ತೋಡಿಗೆ ಅಡ್ಡವಾಗಿ ಕಟ್ಟ ನಿಂತಿತ್ತು. ಸಾಲಾಗಿ ಮರದ ಗೂಟ, ಅದಕ್ಕೆ ಒತ್ತಿ ಕಾಡುಕಲ್ಲು, ಸಂದಿಗೆ ಸೊಪ್ಪು, ಮೇಲೆ ಮೆತ್ತಿದ ಮಣ್ಣು. ಮೇಲ್ಗಡೆ ಎದೆಯುದ್ದ ನೀರು ತಣ್ಣಗೆ ನಿಂತಿತ್ತು. ಒಂದು ಬದಿಯಿಂದ ಸಣ್ಣ ಕಾಲುವೆ ಗುಡ್ಡದ ಮೈ ಹಿಡಿದು ಗದ್ದೆಯ ಕಡೆಗೆ ಹೋಗಿತ್ತು. ನನಗೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. ಪಟ್ಟಿಯಲ್ಲಿ ಬರೆಸಲು ನೋಡಿದರು, ಆಗದಿದ್ದಾಗ ಹೊಸದಾಗಿ ಕಟ್ಟಿ ನನ್ನನ್ನೇ ಮಂಗ ಮಾಡಲು ಹೊರಟಿದ್ದಾರೆ ಎನ್ನಿಸಿತು. ಅಂದು ಸಂಜೆಯೇ ವರದಿ ಮಾಡಿದೆ.

‘ನಿಮ್ಮ ಪಟ್ಟೀಲಿ ಇಲ್ಲ ಅಂದ್ರೆ ಹೊಸದು ತಾನೇ?’ ಎಂದು ರೇಂಜರ್ ಸಾಹೇಬರು ಕೇಳಿದರು.

‘ಹೌದು ಸಾರ್.’

‘ಹಾಗಾದ್ರೆ ತೆಗೆಸ್ರಿ.’

ಮರುದಿನ ನಾಲ್ಕು ಜನ ವಾಚರುಗಳನ್ನು ಕರೆದುಕೊಂಡು ಹಾರೆ ಹಿಡಿದು ಹೋದೆ. ಒಂಬತ್ತು ಮನೆಯವರೂ ದಡದಲ್ಲಿ ನಿಂತಿದ್ದರು. ಕೊಳಕೆ ಬೆಳೆ, ಅಂದರೆ ಬೇಸಿಗೆಯ ಮೂರನೇ ಭತ್ತ, ಆಗಷ್ಟೇ ನೆಟ್ಟಿದ್ದರು. ಸೌತೆ, ಬೆಂಡೆ, ಅಲಸಂಡೆಯ ಸಾಲುಗಳು ಎರಡೆಲೆ ಒಡೆದಿದ್ದವು. ಆ ನೀರಿಲ್ಲದಿದ್ದರೆ ಅದೆಲ್ಲ ಹದಿನೈದು ದಿನದಲ್ಲಿ ಮುಗಿಯಿತು, ಮಾರ್ಚಿಗೆ ಬಾವಿಯೂ ತಳ ಹಿಡಿಯುತ್ತದೆ. ಯಾರೂ ಅಡ್ಡ ಬರಲಿಲ್ಲ. ನಾನು ಬುಡದ ಕಲ್ಲಿಗೆ ಹಾರೆ ಹಾಕುವುದನ್ನು ನೋಡಿ ಕುಂಞಣ್ಣ, ‘ಕೆಳಗಿಂದ ತೆಗೀಬೇಡಿ, ನೀರು ಮೈಮೇಲೆ ಬೀಳ್ತದೆ. ಮೇಲಿನ ಕಲ್ಲು ಮೊದಲು’ ಎಂದರು. ಅವರು ಹೇಳಿಕೊಟ್ಟ ಹಾಗೆಯೇ ಅವರ ಕಟ್ಟವನ್ನು ನಾನು ಒಡೆದೆ. ಒಂದು ಗಂಟೆಯಲ್ಲಿ ನೀರೆಲ್ಲ ಇಳಿದುಹೋಯಿತು.

ನೀರು ಇಳಿದ ಮೇಲೆ ತೋಡಿನ ತಳದ ಬಂಡೆ ಕಂಡಿತು. ಗೂಟ ಕಿತ್ತ ಜಾಗಗಳಲ್ಲಿ ಬಂಡೆಯನ್ನೇ ಕೊರೆದ ಗುಳಿಗಳು, ಒಂದು ದಡದಿಂದ ಇನ್ನೊಂದಕ್ಕೆ ಸಾಲಾಗಿ ಒಂಬತ್ತು. ವಾಚರುಗಳು ಗೂಟಗಳನ್ನು ದಡಕ್ಕೆ ಎಳೆಯುತ್ತಿದ್ದರು. ನಾನು ಬಗ್ಗಿ ಒಂದರೊಳಗೆ ಕೈ ಹಾಕಿದೆ. ಮೊಣಕೈವರೆಗೆ ಹೋಯಿತು. ಒಳಗೋಡೆ ನಮ್ಮ ಮನೆಯ ಅರೆಯುವ ಕಲ್ಲಿನ ಹಾಗೆ ನುಣುಪಾಗಿತ್ತು. ಒಂದು ವರ್ಷದಲ್ಲಿ, ಹತ್ತು ವರ್ಷದಲ್ಲಿ ಬಂಡೆ ಹಾಗೆ ಸವೆಯುವುದಿಲ್ಲ. ತಲೆ ಎತ್ತಿ ಯಾರ ಮುಖವನ್ನೂ ನೋಡದೆ ಕೈ ಒರೆಸಿಕೊಂಡು ಜೀಪು ಹತ್ತಿದೆ.

ಆ ಕೂಡಲೇ ಸಾಹೇಬರಿಗೆ ಹೇಳಬೇಕಿತ್ತು. ಹೇಳಲಿಲ್ಲ. ‘ಖುದ್ದು ನೋಡಿ ದೃಢೀಕರಿಸಿದೆ’ ಎಂಬ ನನ್ನ ಸಹಿ ಅಷ್ಟರಲ್ಲಿ ಮೇಲಿನ ಕಚೇರಿಗೆ ಹೋಗಿತ್ತು. ಸುಳ್ಳು ದೃಢೀಕರಣವೆಂದರೆ ಅಮಾನತು. ಮನೆಯಲ್ಲಿ ಎರಡು ಸಣ್ಣ ಮಕ್ಕಳು, ಬಾಪ ಹಾಸಿಗೆ ಹಿಡಿದಿದ್ದರು. ಇವೆಲ್ಲ ನಿಜವಾದ ಕಾರಣಗಳೇ. ಆದರೂ ಹೆದರಿದೆ ಎಂಬ ಒಂದೇ ಮಾತಿನಲ್ಲಿ ಎಲ್ಲವೂ ಸೇರುತ್ತದೆ.

ಆ ಬೇಸಿಗೆ ಕುಂಟಲಪಲ್ಕೆಯ ಗದ್ದೆ ಒಣಗಿತು. ಒಂಬತ್ತರಲ್ಲಿ ಎರಡು ಮನೆಯವರು ಜಾಗ ಬಿಟ್ಟು ಹೋದರು. ಒಬ್ಬರು ಕುಂಞಣ್ಣನ ತಮ್ಮ ಐತಪ್ಪ, ಪಣಂಬೂರಿಗೆ ಬಂದು ಲೋಡಿಂಗ್ ಕೆಲಸ ಹಿಡಿದರು. ಡಿಸೆಂಬರಿನಲ್ಲಿ ನಾನು ರಜೆಯಲ್ಲಿದ್ದಾಗ ಸುರತ್ಕಲ್ಲಿನ ಬಸ್ಸಿನಲ್ಲಿ ಸಿಕ್ಕರು. ನಾನು ಮುಖ ತಿರುಗಿಸಿದೆ. ಅವರು ಎದ್ದು ನಿಂತು, ‘ಕೂತ್ಕೊಳ್ಳಿ ಫಾರೆಸ್ಟರ್ರೇ’ ಎಂದು ತಮ್ಮ ಸೀಟು ಬಿಟ್ಟುಕೊಟ್ಟರು. ಕೂರದೆ ಬೇರೆ ದಾರಿಯಿರಲಿಲ್ಲ. ಮಾತಿಗೆ ಏನಾದರೂ ಬೇಕಲ್ಲ ಎಂದು ಕೆಲಸ ಹೇಗುಂಟು ಎಂದೆ.

‘ಉಂಟು ಹೀಗೇ. ನಾಳೆ ರಜೆ ಹಾಕಿದ್ದೇನೆ. ಊರಿಗೆ ಹೋಗ್ಲಿಕ್ಕುಂಟು. ಕಟ್ಟಕ್ಕೆ.’

‘ನೀವು ಈಗ ಅಲ್ಲಿ ಇಲ್ಲವಲ್ಲ ಐತಪ್ಪಣ್ಣ?’

‘ಇಲ್ಲ. ಆದ್ರೆ ಒಂದು ಮನೆಗೆ ಒಂದು ಗೂಟ. ನಮ್ಮ ಗುಂಡಿಗೆ ಬೇರೆಯವರು ಗೂಟ ಹಾಕುವ ಕ್ರಮ ಇಲ್ಲ. ಅದನ್ನು ಖಾಲಿ ಬಿಟ್ರೆ ಕಟ್ಟ ನಿಲ್ಲುವುದಿಲ್ಲ.’

ಇಷ್ಟು ಹೇಳಿ ಪಣಂಬೂರಿನಲ್ಲಿ ಇಳಿದುಹೋದರು. ಒಂಬತ್ತು ಗುಳಿ ಏಕೆ ಎಂದು ನನಗೆ ಆಗ ಗೊತ್ತಾಯಿತು. ಅವರು ನನಗೆ ಯಾಕೆ ಹೇಳಿದರು ಎಂದು ಇವತ್ತಿಗೂ ಗೊತ್ತಿಲ್ಲ. ಪರೀಕ್ಷೆ ಮಾಡಿದರೋ, ನಂಬಿದರೋ. ರಜೆ ಮುಗಿಸಿ ಹೋದವನು ಆ ತೋಡಿನ ಕಡೆಗೆ ಕಾಲಿಡಲಿಲ್ಲ.

ಅಲ್ಲಿಂದ ನಿವೃತ್ತಿಯವರೆಗೆ ನಡುವೆ ಎಲ್ಲಿಗೆ ವರ್ಗವಾದರೂ ಹಟ ಹಿಡಿದು ಅದೇ ವಲಯಕ್ಕೆ ಮರಳಿ ಬಂದೆ. ಬಡ್ತಿಗಿಂತ ಆ ತೋಡು ಮುಖ್ಯವಾಯಿತು. ಡಿಸೆಂಬರಿನಿಂದ ಮೇ ತನಕ ಆ ಕಡೆಯ ಗಸ್ತನ್ನು ನಾನೇ ಇಟ್ಟುಕೊಳ್ಳುತ್ತಿದ್ದೆ, ಮತ್ತು ಹೋಗುತ್ತಿರಲಿಲ್ಲ. ಗಸ್ತಿನ ಪುಸ್ತಕದಲ್ಲಿ ‘ವಿಶೇಷವಿಲ್ಲ’ ಎಂದು ಬರೆಯುತ್ತಿದ್ದೆ. ಕಿರಿಯರೇ, ಇದನ್ನು ಜಾಣತನ ಎಂದು ತಿಳಿಯಬೇಡಿ. ಹೊಸ ವಾಚರ್ ಬಂದರೆ ಅವನು ದಾರಿ ತಪ್ಪಿ ಆ ಕಡೆ ಹೋಗುತ್ತಾನೆಯೇ ಎಂದು ಚಿಂತೆ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ನೀರುನಾಯಿ ನೋಡಬೇಕು, ಆ ತೋಡಿನಲ್ಲಿ ಇದೆಯಂತಲ್ಲ ಎಂದರು. ನಿಜವೇ, ಕಟ್ಟದ ನೀರಿಗೆ ಬೇಸಿಗೆಯಲ್ಲಿ ನೀರುನಾಯಿ, ಕಾಟಿ ಎಲ್ಲ ಬರುತ್ತಿದ್ದವಂತೆ. ಅತ್ತ ಆನೆ ಮರಿ ಹಾಕಿದೆ ಎಂದು ಬಾಯಿಗೆ ಬಂದ ಸುಳ್ಳು ಹೇಳಿ ಬೇರೆ ದಿಕ್ಕಿಗೆ ಎಂಟು ಕಿಲೋಮೀಟರ್ ನಡೆಸಿದೆ. ಅವರು ಸಿಕ್ಕಿದವರಿಗೆಲ್ಲ ಆ ಮರಿಯಾನೆಯ ವಿಷಯ ಹೇಳುತ್ತಿದ್ದರಂತೆ.

ಕುಂಞಣ್ಣ ದಾರಿಯಲ್ಲಿ ಸಿಕ್ಕರೆ ‘ಬ್ಯಾರಿಗಳೇ’ ಎಂದು ನನ್ನನ್ನು ಕರೆದು ಮಳೆ, ಮಕ್ಕಳು ಎಂದು ಮಾತನಾಡುತ್ತಿದ್ದರು. ಕಟ್ಟದ ಸುದ್ದಿ ಎತ್ತಲಿಲ್ಲ. ಏಪ್ರಿಲಿನಲ್ಲಿ ಬಾಳೆನಾರಿನಲ್ಲಿ ಕಟ್ಟಿದ ನಾಲ್ಕು ಸೌತೆಕಾಯಿ ಕ್ಯಾಂಪಿನ ಜಗಲಿಯಲ್ಲಿ ಇಟ್ಟು ಹೋಗುತ್ತಿದ್ದರು. ಕುದ್ರೋಳಿಗೆ ತಂದರೆ ನನ್ನ ಹೆಂಡತಿ ನಫೀಸಾ ಅಡುಗೆಮನೆಯ ಜಂತಿಗೆ ತೂಗುಹಾಕಿ, ಒಂದೊಂದನ್ನೇ ತೆಗೆದು ಸಾರು ಮಾಡುತ್ತಿದ್ದಳು. ಆ ಸೌತೆ ಯಾವ ನೀರು ಕುಡಿದು ಬೆಳೆದದ್ದೆಂದು ನನಗೆ ಗೊತ್ತಿತ್ತು. ಅನ್ನಕ್ಕೆ ಬಡಿಸಿದರೆ ಹಸಿವೆ ಇಲ್ಲ ಎನ್ನುತ್ತಿದ್ದೆ.

ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಒಂದೇ ಪಕ್ಷದ ಕಥೆಯಾಗುತ್ತದೆ. ಕುಂಟಲಪಲ್ಕೆಯ ಪಕ್ಕದ ಕಣಿವೆಯಲ್ಲಿ ಪಟ್ಟಿಯಲ್ಲಿ ಸರಿಯಾಗಿ ‘ಉಂಟು’ ಎಂದು ಬಂದ ಒಂದು ಕಟ್ಟವಿತ್ತು. ಅಲ್ಲಿ ಮೊದಲು ಕಲ್ಲಿನ ಬದಲು ಸಿಮೆಂಟು ಬಂತು, ಮತ್ತೆ ಪಂಪು, ಮತ್ತೆ ಆರು ಪೈಪು. ನಾಲ್ಕು ವರ್ಷದಲ್ಲಿ ಕೆಳಗಿನ ತೋಡು ಫೆಬ್ರವರಿಗೇ ಬತ್ತಿತು. ಮೀನು ಹೋಯಿತು, ನೀರುನಾಯಿ ಹೋಯಿತು. ನಾನೇ ಆ ಒಣ ಮರಳಿನ ಮೇಲೆ ನಡೆದಿದ್ದೇನೆ. ಹಾಗಾಗಿ ಕುಂಟಲಪಲ್ಕೆಯ ಕಡೆ ಕಣ್ಣು ಮುಚ್ಚಿಕೊಂಡಾಗಲೂ, ನಾನು ಕಾಪಾಡುತ್ತಿದ್ದೇನೋ ಹಾಳು ಮಾಡುತ್ತಿದ್ದೇನೋ ಎಂಬ ಸಂಶಯ ಬಿಟ್ಟದ್ದಿಲ್ಲ. ನೋಡದೆ ಇರುವವನಿಗೆ ಎರಡೂ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಯಿತು. ನಾವು ಸರಪಳಿ ಎಳೆದು ಅಳೆದವರು. ಮತ್ತೆ ಜಿಪಿಎಸ್ ಬಂತು, ಉಪಗ್ರಹದ ಚಿತ್ರ ಬಂತು. ಆ ಚಿತ್ರದಲ್ಲಿ ನನ್ನ ತೋಡನ್ನು ಹುಡುಕಿದೆ. ಮೇಲಿನಿಂದ ಮರದ ತಲೆ ಮಾತ್ರ ಕಾಣುತ್ತದೆ, ಕಟ್ಟ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸಮಾಧಾನವಾಯಿತು. ನಾನು ನಿವೃತ್ತನಾಗಿ ಮೂರನೇ ವರ್ಷಕ್ಕೆ ಹುಲಿ ಎಣಿಸುವ ಕ್ಯಾಮೆರಾಗಳನ್ನು ಮರಗಳಿಗೆ ಕಟ್ಟಿದರು. ಅದರ ಮುಂದೆ ಏನು ಹಾದರೂ ತಾನಾಗಿ ಫೋಟೊ ತೆಗೆಯುತ್ತದೆ. ಅದಕ್ಕೆ ವರ್ಗಾವಣೆ ಇಲ್ಲ, ಹೆದರಿಕೆ ಇಲ್ಲ, ಯಾರ ಸೀಟಿನಲ್ಲೂ ಅದು ಕೂತಿಲ್ಲ.

ಕಳೆದ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಕುಂಞಣ್ಣನ ಮಗಳು ವಾರಿಜ ಕುದ್ರೋಳಿಯ ನಮ್ಮ ಮನೆ ಹುಡುಕಿಕೊಂಡು ಬಂದಳು. ಈಗ ಅಲ್ಲಿ ಬೇಸಾಯ ನೋಡಿಕೊಳ್ಳುವವಳು ಅವಳೇ. ಕೈಯಲ್ಲಿ ನೋಟಿಸ್, ಜೊತೆಗೆ ಅಚ್ಚುಹಾಕಿದ ಫೋಟೊ. ಗೂಟ ಹೊತ್ತ ಏಳೆಂಟು ಜನ, ಮುಂದೆ ಅವಳೇ.

‘ಹೋದ ವರ್ಷದ್ದು ಸಾರ್. ಉದ್ಯಾನದ ಒಳಗೆ ಅಕ್ರಮ ನಿರ್ಮಾಣ ಅಂತ ಬರ್ದಿದ್ದಾರೆ. ಈ ಸಲ ಕಟ್ಟಿದ್ರೆ ಕೇಸ್. ಹಳೇ ಪಟ್ಟಿಯನ್ನು ಸರಿ ಮಾಡ್ಲಿಕ್ಕೆ ಇದೊಂದೇ ಅವಕಾಶ ಅಂತೆ, ಮಂಗಳೂರಿನ ಆಫೀಸಲ್ಲಿ ವಿಚಾರಣೆ ಉಂಟು. ನೀರು ಇಲ್ಲದಿದ್ರೆ ನಾವು ಏಳು ಮನೆಯವರೂ ಏಳ್ಬೇಕಾಗ್ತದೆ. ಅಪ್ಪ ಹೇಳಿದ್ರು, ಬ್ಯಾರಿಗಳ ಹತ್ರ ಹೋಗು, ಅವರಿಗೆ ಗೊತ್ತುಂಟು ಅಂತ.’

‘ಎಂತ ಗೊತ್ತುಂಟು ಅಂದ್ರು?’

‘ಅದು ಹೇಳ್ಲಿಲ್ಲ.’

ಅವಳು ಹೋದ ಮೇಲೆ ನಫೀಸಾಳಿಗೆ ಎಲ್ಲ ಹೇಳಿದೆ. ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಮೊದಲ ಸಲ. ‘ಇಷ್ಟು ವರ್ಷ ಸುಮ್ಮನಿದ್ದು ಈಗ ಎಂತಕ್ಕೆ ಮಾರಾಯ್ರೆ? ಪಿಂಚಣಿಗೆ ಕೈ ಹಾಕಿದ್ರೆ?’ ಎಂದಳು. ನನ್ನ ಹೆದರಿಕೆಯೂ ಅದೇ. ಆಮೇಲೆ, ‘ಹಾಗಾದ್ರೆ ಸೌತೆಕಾಯಿ ಸಾರು ತಿನ್ನದೆ ಇದ್ದದ್ದು ಹಸಿವೆ ಇಲ್ಲದೆ ಅಲ್ಲ?’ ಎಂದು ಕೇಳಿದಳು. ಅಲ್ಲ ಎಂದೆ. ವಿಚಾರಣೆಯ ದಿನ ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಕುರ್ಚಿಯ ಮೇಲೆ ಇಟ್ಟಿದ್ದಳು.

ವಿಚಾರಣೆ ಮಾಡಿದವರು ನನ್ನ ಮಗಳ ವಯಸ್ಸಿನ ಸಹಾಯಕ ಸಂರಕ್ಷಣಾಧಿಕಾರಿ. ಮೇಡಂ ಮಾತಿನಲ್ಲಿ ಮೃದು, ಕೆಲಸದಲ್ಲಿ ಬಿಗಿ. ಹಳೆಯ ನಮೂನೆ ತೋರಿಸಿ, ‘ಇದು ನಿಮ್ಮ ಸಹಿಯಾ ಸರ್?’ ಎಂದರು. ಹೌದು ಎಂದೆ. ‘ಖುದ್ದು ನೋಡಿ ಇಲ್ಲ ಅಂತ ಬರೆದಿದ್ದೀರಿ. ಈಗ ಇದೆ ಅಂತೀರಿ.’ ವಾರಿಜ ಪಕ್ಕದಲ್ಲಿ ಕೂತಿದ್ದಳು.

‘ನೋಡಿದ್ದು ಆಟಿಯಲ್ಲಿ ಮೇಡಂ. ಕಟ್ಟ ಇರುವುದು ಬೇಸಿಗೆಯಲ್ಲಿ. ಅವರು ಹೇಳಿದ್ರು, ನಾನು ನಗಾಡಿ ಇಲ್ಲ ಅಂತ ಬರ್ದೆ. ಮತ್ತೆ ಜನವರಿಯಲ್ಲಿ ಒಡೆದವನೂ ನಾನೇ. ಆಗ ಬಂಡೆಯಲ್ಲಿ ಗೂಟದ ಗುಂಡಿ ನೋಡಿದೆ, ತುಂಬಾ ಹಳೇದು. ಗೊತ್ತಾದ ಮೇಲೂ ಯಾರಿಗೂ ಹೇಳ್ಲಿಲ್ಲ. ಆ ಪಟ್ಟಿ ತಪ್ಪು. ತಪ್ಪು ನನ್ನದು.’

ಮೇಡಂ ಹಳೆಯ ನಮೂನೆಯನ್ನು ಕಡತದೊಳಗೆ ಇಟ್ಟು, ‘ಒಬ್ಬರ ಮಾತಿನ ಮೇಲೆ ಪಟ್ಟಿ ತಿದ್ದಿದರೆ ನಾಳೆ ಎಲ್ಲ ಕಣಿವೆಯಿಂದಲೂ ಬರ್ತಾರೆ. ಆ ಗುಂಡಿ ನನಗೆ ತೋರಿಸ್ತೀರಾ?’ ಎಂದರು.

ನವೆಂಬರ್ ಕೊನೆಗೆ ಹೋದೆವು. ಇಪ್ಪತ್ತು ವರ್ಷದ ಮೇಲೆ ಆ ದಡದಲ್ಲಿ ನಿಂತಾಗ ಜಾಗದ ಗುರುತೇ ಸಿಗಲಿಲ್ಲ. ಕಳೆದ ಮಳೆಗಾಲದ ಬೊಳ್ಳಕ್ಕೆ ಮೇಲಿನಿಂದ ದೊಡ್ಡ ಬಂಡೆಯೊಂದು ಉರುಳಿ ಬಂದು ಕೂತಿತ್ತು. ಉಳಿದ ತಳವೆಲ್ಲ ಮರಳು, ಕೊಳೆತ ಎಲೆ. ಪ್ಯಾಂಟು ಮಡಿಚಿ ನೀರಿಗೆ ಇಳಿದೆ. ಒಂದು ಕಡೆ ಕಾಲಿನಿಂದ ತಡಕಿದೆ, ಇಲ್ಲ. ಇನ್ನೊಂದು ಕಡೆ, ಇಲ್ಲ. ಮೇಡಂ ಕೈಗಡಿಯಾರ ನೋಡಿಕೊಂಡರು. ನಾನೇ ಕನಸು ಕಂಡಿರಬಹುದೇ, ಇಷ್ಟು ವರ್ಷದ ತಪ್ಪಿತಸ್ಥ ಭಾವನೆ ನನ್ನ ತಲೆಯಲ್ಲಿಯೇ ಆ ಗುಳಿಗಳನ್ನು ಕೊರೆದಿರಬಹುದೇ ಎಂದೆಲ್ಲ ಅನ್ನಿಸಿತು. ದಡದಲ್ಲಿ ಕುಂಞಣ್ಣ ಕೋಲೂರಿ ಕೂತಿದ್ದರು, ಎಪ್ಪತ್ತೈದು ದಾಟಿದ ಮುದುಕ. ವಾರಿಜ ತೋರಿಸಲೆಂದು ನೀರಿಗೆ ಇಳಿಯಹೊರಟರೆ ಅವರು ಅವಳ ಕೈ ಹಿಡಿದು, ‘ನೀನು ಸುಮ್ಮನಿರು. ಅವರಿಗೆ ಗೊತ್ತುಂಟು’ ಎಂದರು.

ಉರುಳಿ ಬಂದ ಬಂಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಮರಳು ತೋಡಿದೆ. ಬೆರಳು ಒಂದು ಅಂಚಿಗೆ ತಾಗಿತು. ಕೈ ಒಳಗೆ ಹೋಯಿತು, ಮೊಣಕೈವರೆಗೆ. ಅದೇ ನುಣುಪು. ‘ಇಲ್ಲಿ ಮೇಡಂ’ ಎಂದು ಕೂಗಿದ್ದು ಅಳುವ ಹಾಗೆ ಕೇಳಿಸಿತಂತೆ. 

ಮೇಡಂ ಶೂ ಬಿಚ್ಚಿ ಇಳಿದು ತಾವೂ ಕೈ ಹಾಕಿ ನೋಡಿದರು. ಮರಳು ಸರಿಸಿ ಒಂಬತ್ತನ್ನೂ ಎಣಿಸಿದರು. ಕಟ್ಟಿದ ಮೇಲೆ ಕೆಳಗಿನ ಪ್ರಾಣಿಗಳಿಗೆ ನೀರು ಹೇಗೆ ಎಂದು ಕೇಳಿದರು. ಕುಂಞಣ್ಣ ಎಡದಡದ ಕೊನೆಯ ಗುಳಿಯ ಆಚೆಗೆ ಕೋಲು ತೋರಿಸಿ, ‘ಅಲ್ಲಿ ಎರಡು ಗೇಣು ಮುಚ್ಚುವುದಿಲ್ಲ. ಅದು ಮೊದಲಿಂದಲೂ ಹಾಗೆ’ ಎಂದರು. ಮೇಡಂ ಮೊಬೈಲಿನ ನಮೂನೆಯಲ್ಲಿ ಬರೆದುಕೊಂಡರು: ಕಲ್ಲು, ಮರ, ಸೊಪ್ಪು, ಮಣ್ಣು ಮಾತ್ರ, ಸಿಮೆಂಟು, ಪಂಪು ಕೂಡದು, ಎರಡು ಗೇಣು ಬಿಡಬೇಕು. ಆ ನಮೂನೆಗೆ ಕಟ್ಟದ ಫೋಟೊ ಬೇಕು, ಇಲ್ಲದಿದ್ದರೆ ಮುಂದೆ ಹೋಗುವುದಿಲ್ಲ. ಇಲ್ಲದ ಕಟ್ಟದ ಫೋಟೊ ಎಲ್ಲಿಂದ ತರುವುದು? ಕೊನೆಗೆ ಗುಳಿಯೊಳಗೆ ಮೊಣಕೈವರೆಗೆ ಮುಳುಗಿದ ನನ್ನ ಕೈಯ ಫೋಟೊ ತೆಗೆದು ಅದನ್ನೇ ಹಾಕಿದರು.

ಮೇಡಂ ಶಿಫಾರಸು ಮಾಡಿದ್ದಾರೆ. ಈ ಬೇಸಿಗೆಗೆ ಮಾತ್ರ ಎಂದು ತಾತ್ಕಾಲಿಕ ಅನುಮತಿ ಕೊಟ್ಟಿದ್ದಾರೆ, ಕಟ್ಟ ನಿಂತಿದೆ. ಅಂತಿಮ ಆದೇಶ ಇನ್ನೂ ಬಂದಿಲ್ಲ. ನನ್ನ ಮೇಲೆ ಏನು ಕ್ರಮ ಎಂಬ ಪತ್ರವೂ ಬಂದಿಲ್ಲ. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಈಗಲೂ ಎದ್ದು ಬಾಗಿಲಿಗೆ ಹೋಗುತ್ತೇನೆ. ಅಕ್ಕತಂಗಿಯರೇ, ನಿಮಗೆ ಕೊಡುವ ಯಂತ್ರಗಳು ನಮ್ಮವಕ್ಕಿಂತ ಒಳ್ಳೆಯವು. ಆದರೂ ಒಂದು ಜಾಗದ ಪಟ್ಟಿ ಮಾಡುವ ಮೊದಲು ಅಲ್ಲಿ ಮಳೆಗಾಲ ಒಮ್ಮೆ, ಬೇಸಿಗೆ ಒಮ್ಮೆ ನಿಲ್ಲಿ. ತಪ್ಪು ಬರೆದರೆ ಮರುದಿನವೇ ಹೇಳಿ, ಮರುದಿನ ಹೇಳುವುದು ಸುಲಭ.

ಅಂದು ಮೇಡಂ ಜೀಪಿನ ಕಡೆ ಹೋದ ಮೇಲೆ ನಡೆದ ಮಾತೊಂದು ಬಾಕಿಯಿದೆ. ನಾನು ಒದ್ದೆ ಬಟ್ಟೆಯಲ್ಲಿಯೇ ಕುಂಞಣ್ಣನ ಪಕ್ಕ ಕೂತು, ‘ಕಟ್ಟ ಒಡೆದ ದಿನವೇ ನಾನು ಆ ಗುಂಡಿ ನೋಡಿದ್ದೆ ಕುಂಞಣ್ಣ. ಹೇಳ್ಲಿಲ್ಲ’ ಎಂದೆ.

‘ಗೊತ್ತುಂಟು. ನೀವು ಕೈ ಹಾಕಿ ನೋಡಿದ್ದನ್ನು ನಾನು ದಡದಿಂದ ನೋಡಿದ್ದೆ. ಯಾವಾಗ ಹೇಳ್ತೀರಿ ಅಂತ ಕಾಯ್ತಾ ಇದ್ದೆ.’

‘ಇಪ್ಪತ್ತು ವರ್ಷ! ನೀವೇ ಒಂದು ಸಲ ಬಾಯಿಬಿಟ್ಟು ಹೇಳಬಹುದಿತ್ತಲ್ಲ?’

ಕುಂಞಣ್ಣ ನೀರಿನ ಕಡೆ ನೋಡುತ್ತ ಮುಟ್ಟಾಳೆ ಸರಿಮಾಡಿಕೊಂಡರು.

‘ಒಂದು ಸಲ ಹೇಳಿದ್ದೆ ಅಲ್ವಾ ಬ್ಯಾರಿಗಳೇ,’ ಎಂದರು. ‘ನೀವು ನಗಾಡಿದ್ರಿ.’